ಆ ಗಳಿಗೆ ದಾಟಿಸುವುದು ಹೇಗೆ?

ನಮ್ಮ ಚಿಕ್ಕಪ್ಪ ಮಂಡಿ ಚೀಟಿ ಬಿಡಿಸಿ ನೋಡುವುದನ್ನು ನಿಲ್ಲಿಸಿದ್ದಾರೆ ಅಂತ ಮೊದಲು ಗಮನಿಸಿದ್ದು ನಮ್ಮ ಅಮ್ಮ. ಶ್ರೀನಿವಾಸಪುರ ತಾಲ್ಲೂಕಿನ ನಮ್ಮೂರಿನಿಂದ ಟೊಮೆಟೊ ಕೋಲಾರದ ಎಪಿಎಂಸಿಗೆ ಹೋಗುತ್ತದೆ. ಟೆಂಪೊ ಡ್ರೈವರ್ ವಾಪಸ್ ಬರುವಾಗ ಚೀಟಿ ತಂದುಕೊಡುತ್ತಾನೆ. ಎಷ್ಟು ಬಾಕ್ಸು, ಏನು ರೇಟು, ಬಾಡಿಗೆ ಕಳೆದು ಕೈಗೆಷ್ಟು ಅಂತ ಅದರಲ್ಲಿ ಬರೆದಿರುತ್ತದೆ. ಆ ಚೀಟಿ ಬಿಡಿಸುವ ಹೊತ್ತು ನಮ್ಮ ಮನೆಗಳಲ್ಲಿ ಒಂದು ದೊಡ್ಡ ಹೊತ್ತು. ರೇಟು ಚೆನ್ನಾಗಿದ್ದರೆ ಚಿಕ್ಕಪ್ಪ ಜೋರಾಗಿ ಓದುತ್ತಿದ್ದರು. ಬಿದ್ದಿದ್ದರೆ ಮಂಡಿಯವರಿಗೆ ನಾಲ್ಕು ಮಾತು ಬೈದು ಕಾಫಿ ಕುಡಿಯುತ್ತಿದ್ದರು.

2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿತ್ತು. ಅದನ್ನು ನೋಡಿ ನಾಟಿ ಮಾಡಿದವರ ಬೆಳೆ ಕೊಯ್ಲಿಗೆ ಬರುವ ಹೊತ್ತಿಗೆ ರೇಟು ಪಾತಾಳಕ್ಕೆ ಇಳಿದಿತ್ತು. ಸಸಿ, ಕಡ್ಡಿ, ದಾರ, ಡ್ರಿಪ್ಪು, ಗೊಬ್ಬರ, ಔಷಧಿ ಎಲ್ಲಕ್ಕೂ ಸಾಲ ಮಾಡಿ ಆಗಿತ್ತು. ಚಿಕ್ಕಪ್ಪ ಆಗ ಬೈಯಲಿಲ್ಲ. ಚೀಟಿ ತಗೊಂಡು ಬಾಗಿಲ ಪಕ್ಕದ ಮೊಳೆಗೆ ಚುಚ್ಚಿ ಹೋಗಿ ಮಲಗುತ್ತಿದ್ದರು. ಮಡಿಸಿದ್ದು ಮಡಿಸಿದಂತೆಯೇ ಇರುತ್ತಿತ್ತು. ಹನ್ನೊಂದು ಚೀಟಿ ಹಾಗೇ ಇದ್ದವು. ಅಮ್ಮ ಎಣಿಸಿದ್ದರು.

ಒಂದು ಸಂಜೆ ಅಮ್ಮ ಕೊಟ್ಟಿಗೆ ಹತ್ತಿರ ಅವರ ಪಕ್ಕ ಹೋಗಿ ಕೂತರು. ಸುತ್ತಿ ಬಳಸಿ ಮಾತಾಡಲಿಲ್ಲ. "ಏನಪ್ಪಾ, ಬದುಕಿರೋದೇ ಬೇಡ ಅನ್ನಿಸ್ತಿದೆಯಾ?" ಅಂತ ಕೇಳಿಬಿಟ್ಟರು. ಚಿಕ್ಕಪ್ಪ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ "ಹೂಂ ಅತ್ತಿಗೆ. ದಿನಾ ಅನ್ನಿಸ್ತೈತೆ" ಅಂದರು.

ಚಿಕ್ಕಪ್ಪ ಇವತ್ತು ಚೆನ್ನಾಗಿದ್ದಾರೆ. ಅವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಆ ಸಂಜೆಯಿಂದ ಈಚೆಗೆ ನಾನು ಈ ವಿಷಯದ ಬಗ್ಗೆ ಓದಿದ್ದೇನೆ, ಡಾಕ್ಟರ್‌ಗಳ ಹತ್ತಿರ, ಆಶಾ ಕಾರ್ಯಕರ್ತೆಯರ ಹತ್ತಿರ ಮಾತಾಡಿದ್ದೇನೆ. ನನಗೆ ಅರ್ಥವಾದ ದೊಡ್ಡ ಮಾತು ಇಷ್ಟೇ: ಸಾಯಬೇಕು ಅನ್ನಿಸುವ ಗಳಿಗೆ ಬರುತ್ತದೆ, ಹೋಗುತ್ತದೆ. ಬಂದಾಗ ಯಾರಾದರೂ ಜೊತೆಗಿದ್ದು ಅದನ್ನು ದಾಟಿಸಿದರೆ ಬಹಳ ಜನ ಉಳಿಯುತ್ತಾರೆ. ಅದಕ್ಕೆ ಪಕ್ಕದ ಮನೆಯವರು, ಡೈರಿಯವರು, ಅಂಗಡಿಯವರು ಮಾಡಬಹುದಾದ್ದು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದೆ.

ಸಾಲ ಒಂದೇ ಕಾರಣವಾ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ ಕೃಷಿಯನ್ನೇ ನಂಬಿದ 11,290 ಜನ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ 5,207 ಜನ ರೈತರು, 6,083 ಜನ ಕೃಷಿ ಕೂಲಿಗಳು. ಕರ್ನಾಟಕದವರು 2,392 ಜನ. ಮಹಾರಾಷ್ಟ್ರ ಬಿಟ್ಟರೆ ನಮ್ಮ ರಾಜ್ಯವೇ ಮುಂದೆ. ರೈತರಿಗಿಂತ ಕೂಲಿಯವರ ಸಂಖ್ಯೆ ಜಾಸ್ತಿ ಇರುವುದನ್ನು ಗಮನಿಸಿ. ನಮ್ಮ ಚರ್ಚೆಗಳಲ್ಲಿ ಪಹಣಿ ಇರುವವರ ಮಾತು ಬರುತ್ತದೆ, ಅವರ ಹೊಲದಲ್ಲಿ ಕಳೆ ಕೀಳುವವರ ಮಾತು ಬರುವುದೇ ಕಡಿಮೆ.

ಪೇಪರ್‌ನಲ್ಲಿ ಯಾವಾಗಲೂ ಬರುವ ಸಾಲು ಒಂದೇ. "ಸಾಲಬಾಧೆ ತಾಳಲಾರದೆ." ಅದು ಸುಳ್ಳಲ್ಲ. ಆದರೆ ನಮ್ಮೂರಲ್ಲಿ ಸಾಲ ಇಲ್ಲದ ಮನೆ ಹುಡುಕಿದರೂ ಸಿಗುವುದಿಲ್ಲ, ಅಲ್ವಾ? ಅಷ್ಟೂ ಮನೆಯವರು ಸಾಯುವ ಯೋಚನೆ ಮಾಡುವುದಿಲ್ಲ. ಸಾಲದ ಜೊತೆ ಬೇರೆ ಏನೇನೋ ಸೇರಿಕೊಳ್ಳುತ್ತವೆ. ವಾಸಿಯಾಗದ ಕಾಯಿಲೆ, ಕುಡಿತ, ಅಣ್ಣತಮ್ಮಂದಿರ ಜಮೀನು ಜಗಳ, ಮಗಳ ಮದುವೆ, ತಿಂಗಳುಗಟ್ಟಲೆ ನಿದ್ದೆ ಇಲ್ಲದಿರುವುದು. ಎಲ್ಲಕ್ಕಿಂತ ಹೆಚ್ಚಾಗಿ ನಾಚಿಕೆ. "ಊರಲ್ಲಿ ಮುಖ ತೋರಿಸೋದು ಹೇಗೆ" ಅನ್ನುವ ಯೋಚನೆ.

ನಮ್ಮ ಕಡೆ ಈ ನಾಚಿಕೆಗೆ ಒಂದು ಗುರುತು ಇದೆ. ಅದು ಬೋರ್‌ವೆಲ್.

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಪಾಲಾರ್, ಪೆನ್ನಾರ್ ಇಲ್ಲೇ ಹುಟ್ಟಿದರೂ ಮಳೆ ಬಂದರೆ ಮಾತ್ರ ನೀರು. ನಮ್ಮ ಅಜ್ಜಂದಿರು ಕೆರೆ ನಂಬಿ ಬೇಸಾಯ ಮಾಡಿದರು. ಕೆರೆ ಬತ್ತಿದರೆ ಅದು ಇಡೀ ಊರಿನ ಕಷ್ಟ. ಯಾರೂ ಯಾರನ್ನೂ ಆಡಿಕೊಳ್ಳುತ್ತಿರಲಿಲ್ಲ. ಎಲ್ಲರೂ ಸೇರಿ ಆಕಾಶ ನೋಡುತ್ತಿದ್ದರು. ಈಗ ನೀರು 1,000 ಅಡಿ ಕೆಳಗಿದೆ. ಕೆಲವು ಕಡೆ ಇನ್ನೂ ಕೆಳಗೆ. ಬೋರ್‌ವೆಲ್ ಒಬ್ಬನ ಹೊಲದಲ್ಲಿ, ಒಬ್ಬನ ಸಾಲದಲ್ಲಿ ಕೊರೆಯುವಂಥದ್ದು. ಅದು ಫೇಲಾದರೆ ಕಷ್ಟವೂ ಅವನೊಬ್ಬನದೇ.

ಬೋರ್ ಕೊರೆಯುವ ರಾತ್ರಿ ನೋಡಿದವರಿಗೆ ಗೊತ್ತು. ಲಾರಿ ಬಂದು ನಿಲ್ಲುತ್ತದೆ. ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸಿದವರು ಒಂದು ಕಡೆ, ಪೂಜೆ ಮಾಡಿದ ಹೆಂಗಸರು ಒಂದು ಕಡೆ. ಕಂಪ್ರೆಸರ್ ಸದ್ದಿಗೆ ಅಕ್ಕಪಕ್ಕದವರೂ ಬಂದು ಬದುವಿನ ಮೇಲೆ ಕೂರುತ್ತಾರೆ. ರಾಡು ಇಳಿದ ಹಾಗೆಲ್ಲ ಅಡಿ ಲೆಕ್ಕ. 600, 800, 1,000. ದೂಳು ಬಿಳಿಯಾಗಿ ಹಾರುತ್ತಲೇ ಇರುತ್ತದೆ. ಒದ್ದೆ ಆಗುವುದಿಲ್ಲ. "ಇನ್ನೊಂದು ನೂರು ಅಡಿ ನೋಡೋಣ್ವಾ?" ಅಂತ ಏಜೆಂಟ್ ಕೇಳುತ್ತಾನೆ. ಇಷ್ಟು ಹೋಗಿದೆ, ಇನ್ನಷ್ಟು ಹೋಗಲಿ ಅನ್ನುವುದು ಮನಸ್ಸು. ಬೆಳಗಿನ ಜಾವ ಲಾರಿ ಹೊರಡುತ್ತದೆ. ಬೂದಿ ಬಳಿದ ಹಾಗೆ ಹೊಲ ಬೆಳ್ಳಗೆ ನಿಂತಿರುತ್ತದೆ. ಅಡಿ ಲೆಕ್ಕದ ಬಿಲ್ಲು, ಕೇಸಿಂಗ್ ಪೈಪಿನ ಬಿಲ್ಲು ಕೈಯಲ್ಲಿ. ಇಡೀ ಊರು ನೋಡಿಯಾಗಿದೆ. ಚಿಕ್ಕಪ್ಪನಿಗೆ ಇಂಥ ರಾತ್ರಿ ಮೂರು ಸಲ ಬಂದಿತ್ತು. ಟೊಮೆಟೊ ಬಿದ್ದಿದ್ದು ಅದರ ಮೇಲಿನ ಏಟು.

ಮೈ ಮಾತಾಡುವ ರೀತಿ

ನಮ್ಮ ಹಳ್ಳಿಗಳಲ್ಲಿ ಯಾರೂ "ನನಗೆ ಖಿನ್ನತೆ" ಅಂತ ಹೇಳಿಕೊಂಡು ಬರುವುದಿಲ್ಲ. "ತಲೆ ಭಾರ." "ಎದೆ ಹಿಡ್ಕೊಂಡಂಗೆ ಆಗ್ತೈತೆ." "ಗ್ಯಾಸ್ಟ್ರಿಕ್ಕು." "ಮೈಕೈ ನೋವು, ಸುಸ್ತು." ಹೀಗೆ ಹೇಳುತ್ತಾರೆ. ಕ್ಲಿನಿಕ್‌ಗೆ ಹೋಗಿ ಒಂದು ಇಂಜೆಕ್ಷನ್, ಒಂದು ಬಾಟಲ್ ಡ್ರಿಪ್ ಹಾಕಿಸಿಕೊಂಡು ಬರುತ್ತಾರೆ. ಎರಡು ದಿನಕ್ಕೆ ಮತ್ತೆ ಅದೇ. ಚಿಕ್ಕಪ್ಪ ನಾಲ್ಕು ತಿಂಗಳು ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ್ದರು.

ಇದು ನಾಟಕ ಅಲ್ಲ. ಮನಸ್ಸು ಕುಗ್ಗಿದಾಗ ನಿಜವಾಗಿಯೂ ಮೈ ನೋಯುತ್ತದೆ, ಹಸಿವು ಸಾಯುತ್ತದೆ. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರ ಆಗಿ ಮತ್ತೆ ನಿದ್ದೆ ಹತ್ತುವುದಿಲ್ಲ. ಎರಡು ವಾರಕ್ಕಿಂತ ಹೆಚ್ಚು ದಿನ ಹೀಗೆ ನಡೆದರೆ, ಯಾವುದರಲ್ಲೂ ಮನಸ್ಸಿಲ್ಲದೆ ಇದ್ದರೆ, ಡಾಕ್ಟರ್‌ಗಳು ಅದನ್ನು ಖಿನ್ನತೆ ಇರಬಹುದು ಅಂತ ನೋಡುತ್ತಾರೆ. ಜ್ವರ, ಸಕ್ಕರೆ ಕಾಯಿಲೆ ಥರ ಇದೂ ಒಂದು ಕಾಯಿಲೆ. ಇದಕ್ಕೆ ಔಷಧಿ ಇದೆ.

ಈ ಕಾಯಿಲೆಯಲ್ಲಿ ಯೋಚನೆಯೇ ಕಿರಿದಾಗುತ್ತದೆ. ಕುದುರೆಗೆ ಕಣ್ಣುಪಟ್ಟಿ ಕಟ್ಟಿದ ಹಾಗೆ. ಹೊರಗಿನವರಿಗೆ ಹತ್ತು ದಾರಿ ಕಾಣುತ್ತದೆ. ಒಳಗಿರುವವರಿಗೆ ಒಂದೇ ಕಾಣುತ್ತದೆ. "ಅಷ್ಟು ಬುದ್ಧಿವಂತ, ಹೀಗೇಕೆ ಮಾಡಿಕೊಂಡ" ಅಂತ ಆಮೇಲೆ ಕೇಳುತ್ತೇವೆ. ಆ ಹೊತ್ತಿನಲ್ಲಿ ಅವರ ಬುದ್ಧಿ ಅವರ ಕೈಯಲ್ಲಿ ಇರುವುದಿಲ್ಲ.

ಹೊರಗೆ ಕಾಣುವ ಗುರುತುಗಳಲ್ಲಿ ಕೆಲವು ನಮ್ಮ ಕಡೆಯವೇ. ಸಂತೆಗೆ ಹೋಗುವುದನ್ನು ಬಿಡುತ್ತಾರೆ. ಸಾಲ ಕೊಟ್ಟವರು ಸಿಕ್ಕಾರು ಅಂತ ಸುತ್ತು ದಾರಿಯಲ್ಲಿ ಮನೆಗೆ ಬರುತ್ತಾರೆ. ಫೋನ್ ಸ್ವಿಚ್ ಆಫ್ ಮಾಡಿಡುತ್ತಾರೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಹೊತ್ತಾದರೂ ಎದ್ದಿರುವುದಿಲ್ಲ, ರೇಷ್ಮೆ ಹುಳ ಹಸಿದುಕೊಂಡಿರುತ್ತವೆ. ಕುಡಿಯದವರು ಕುಡಿಯಲು ಶುರು ಮಾಡುತ್ತಾರೆ, ಕುಡಿಯುವವರು ಬೆಳಿಗ್ಗೆಯೇ ಕುಡಿಯುತ್ತಾರೆ. "ನಾನಿಲ್ಲದಿದ್ರೆ ನೀವೆಲ್ಲ ಆರಾಮಾಗಿ ಇರ್ತೀರ" ಅನ್ನುತ್ತಾರೆ. ಜಮೀನು ಪತ್ರ, ಬ್ಯಾಂಕ್ ಪಾಸ್‌ಬುಕ್ ಎಲ್ಲಿದೆ ಅಂತ ಹೆಂಡತಿಗೆ ಸುಮ್ನೆ ತೋರಿಸುತ್ತಾರೆ. ವಾರಗಟ್ಟಲೆ ಚಡಪಡಿಸುತ್ತಿದ್ದವರು ಇದ್ದಕ್ಕಿದ್ದ ಹಾಗೆ ತಣ್ಣಗಾಗುತ್ತಾರೆ. ಇದನ್ನು ನೋಡಿ ಸಮಾಧಾನ ಪಡಬೇಡಿ. ಹತ್ತಿರ ಹೋಗಿ ಕೂರಬೇಕಾದ ಹೊತ್ತು ಅದೇ.

ನನ್ನ ಪ್ರಕಾರ ಊರಲ್ಲಿ ಇದನ್ನೆಲ್ಲ ಎಲ್ಲರಿಗಿಂತ ಮೊದಲು ಕಾಣಬಲ್ಲವರು ಹಾಲಿನ ಡೈರಿ ಸೆಕ್ರೆಟರಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅರ್ಧ ಊರು ಅವರ ಮುಂದೆ ಕ್ಯಾನು ಹಿಡಿದು ನಿಲ್ಲುತ್ತದೆ. ಯಾರು ಬರಲಿಲ್ಲ, ಯಾರ ಮನೆ ಹಾಲು ದಿಢೀರ್ ಕಮ್ಮಿ ಆಯಿತು, ಯಾರು ಹಸು ಮಾರಿದರು, ಯಾರು ತಲೆ ಎತ್ತದೆ ಹೋದರು ಅಂತ ಅವರಿಗೆ ಗೊತ್ತಿರುತ್ತದೆ. ಹಸು ಮಾರುವುದು ಸಣ್ಣ ಸಂಗತಿ ಅಲ್ಲ. ಬೆಳೆ ಕೈಕೊಟ್ಟರೂ ಹಾಲಿನ ಬಟವಾಡೆ ಮನೆ ನಡೆಸುತ್ತದೆ. ಹಸುವೂ ಹೋಯಿತು ಅಂದರೆ ಆ ಮನೆಗೆ ಒಂದು ಸಲ ಹೋಗಿ ಬರಬೇಕು.

ಅರ್ಧ ಗಂಟೆಯ ದೂರ

ನಮ್ಮ ಭಾಷೆಯಲ್ಲಿ ಒಂದು ವಿಚಿತ್ರ ಇದೆ. ಜ್ವರಕ್ಕೆ ಕೊಡುವುದೂ ಔಷಧಿ, ಹುಳಕ್ಕೆ ಹೊಡೆಯುವುದೂ ಔಷಧಿ. ಎರಡನೆಯದು ಮನೆಯೊಳಗೆ, ಕೈಗೆ ಸಿಗುವಲ್ಲಿ ಇರುವುದು ನಮಗೆ ಎಷ್ಟು ಮಾಮೂಲಾಗಿದೆ ಅಂದರೆ ಅದು ಅಪಾಯ ಅಂತಲೇ ಅನ್ನಿಸುವುದಿಲ್ಲ.

ಆತ್ಮಹತ್ಯೆಗೆ ಯತ್ನಿಸಿ ಬದುಕಿ ಉಳಿದವರನ್ನು ಮಾತಾಡಿಸಿದ ಸಂಶೋಧಕರಿಗೆ ಮತ್ತೆ ಮತ್ತೆ ಕಂಡ ವಿಷಯ ಒಂದಿದೆ. ಬಹಳ ಜನ ಆ ತೀರ್ಮಾನಕ್ಕೆ ಮುಂಚೆ ಅರ್ಧ ಗಂಟೆಯೂ ಯೋಚಿಸಿರುವುದಿಲ್ಲ. ಒಂದು ಜಗಳ, ಒಂದು ಫೋನು, ಸಾಲ ಕೊಟ್ಟವರು ಬಾಗಿಲಿಗೆ ಬಂದು ಕೂಗಿದ್ದು, ಅಷ್ಟೇ. ಹಾಗೆ ಉಳಿದವರಲ್ಲಿ ಹತ್ತಕ್ಕೆ ಒಂಬತ್ತು ಜನ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. "ಸಾಯಬೇಕು ಅಂದವನು ಹೇಗಾದರೂ ಸಾಯ್ತಾನೆ" ಅನ್ನುವ ಮಾತು ನಮ್ಮಲ್ಲಿ ತುಂಬ ಇದೆ. ಆ ಮಾತು ತಪ್ಪು. ಆ ಅರ್ಧ ಗಂಟೆಯಲ್ಲಿ ವಿಷ ಕೈಗೆ ಸಿಗದಿದ್ದರೆ ಬಹಳಷ್ಟು ಜೀವ ಉಳಿಯುತ್ತದೆ.

ಇದಕ್ಕೆ ಒಂದು ದೇಶದ ಅನುಭವವೇ ಸಾಕ್ಷಿ. ಶ್ರೀಲಂಕಾದಲ್ಲಿ 1980ರ ದಶಕದಿಂದ ಒಂದೊಂದಾಗಿ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದರು. 1995ರ ಹೊತ್ತಿಗೆ ಅಲ್ಲಿನ ಆತ್ಮಹತ್ಯೆ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಮುಂದಿನ ಇಪ್ಪತ್ತು ವರ್ಷದಲ್ಲಿ ಅದು ಸುಮಾರು ಶೇ 70ರಷ್ಟು ಇಳಿಯಿತು. ಬೆಳೆ ಇಳುವರಿ ಕಮ್ಮಿ ಆಗಲಿಲ್ಲ. ಭಾರತ ಸರ್ಕಾರವೂ 2018ರಲ್ಲಿ 18 ಕೀಟನಾಶಕಗಳನ್ನು ನಿಷೇಧಿಸುವ ಆದೇಶ ಹೊರಡಿಸಿತು. ಇನ್ನೂ ಆಗಬೇಕಾದ್ದಿದೆ.

ಹಾಗಾದರೆ ಮನೆಗೊಂದು ಬೀಗ ಹಾಕುವ ಪೆಟ್ಟಿಗೆ ಕೊಟ್ಟರೆ ಸಾಕಲ್ಲ ಅಂತ ನನಗೂ ಅನ್ನಿಸಿತ್ತು. ಅದನ್ನೂ ಶ್ರೀಲಂಕಾದಲ್ಲಿ 180 ಹಳ್ಳಿಗಳಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. 2017ರಲ್ಲಿ ಫಲಿತಾಂಶ ಬಂತು. ಪೆಟ್ಟಿಗೆ ಕೊಟ್ಟ ಹಳ್ಳಿಗೂ ಕೊಡದ ಹಳ್ಳಿಗೂ ವ್ಯತ್ಯಾಸ ಕಾಣಲಿಲ್ಲ. ಬೀಗದ ಕೈ ಇರುವುದು ಆ ಮನೆಯವರ ಹತ್ತಿರವೇ ತಾನೆ? ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ಬೇರೆ ದಾರಿ ಹಿಡಿದರು. ಮನೋವೈದ್ಯೆ ಡಾ. ಲಕ್ಷ್ಮಿ ವಿಜಯಕುಮಾರ್ ಮತ್ತು ಅವರ ಸ್ನೇಹಾ ಸಂಸ್ಥೆಯವರು ಹಳ್ಳಿಗೊಂದು ಸಾಮೂಹಿಕ ಕೋಣೆ ಮಾಡಿ, ಔಷಧಿಯನ್ನೆಲ್ಲ ಮನೆಯಿಂದ ಹೊರಗೆ ಅಲ್ಲಿಡಿಸಿದರು. ಅದು ಸಣ್ಣ ಪ್ರಯೋಗ, ಆದರೆ ಅಲ್ಲಿ ಒಳ್ಳೆಯ ಬದಲಾವಣೆ ಕಂಡಿತು.

ಬೀಗಕ್ಕಿಂತ ದೂರ ಮುಖ್ಯ ಅಂತ ನನಗೆ ಇದರಿಂದ ತಿಳಿಯಿತು. ಈ ಸಲದ ಸಿಂಪಡಣೆಗೆ ಎಷ್ಟು ಬೇಕೋ ಅಷ್ಟೇ ತನ್ನಿ. ಉಳಿದರೆ ಮನೆಗೆ ತರಬೇಡಿ. ಮನೆಯಲ್ಲಿ ಯಾರಾದರೂ ಕುಗ್ಗಿದ್ದಾರೆ ಅನ್ನಿಸಿದರೆ ಇರುವುದನ್ನೆಲ್ಲ ಬೇರೆಯವರ ವಶಕ್ಕೆ ಕೊಟ್ಟುಬಿಡಿ. ಆ ಸಂಜೆ ನಮ್ಮಣ್ಣ ಚಿಕ್ಕಪ್ಪನ ಮನೆಯಲ್ಲಿದ್ದ ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿ ಬೈಕಿನಲ್ಲಿ ಪಕ್ಕದೂರಿನ ಮಾವನ ಮನೆಗೆ ಸಾಗಿಸಿದ. ಯಾರೂ ಅದನ್ನು ದೊಡ್ಡ ವಿಷಯ ಮಾಡಲಿಲ್ಲ. ಚಿಕ್ಕಪ್ಪನಿಗೆ ಹೇಳಿಯೇ ತಗೊಂಡು ಹೋದ. ಔಷಧಿ ಅಂಗಡಿಯವರಿಗೂ ಒಂದು ಮಾತು. ಯಾವ ಬೆಳೆಗೆ, ಯಾವ ಹುಳಕ್ಕೆ ಅಂತ ಹೇಳಲಾಗದೆ ತಡವರಿಸುವವರು ಬಂದರೆ ಕೂರಿಸಿ ಟೀ ಕೊಡಿ, ಮನೆಗೊಂದು ಫೋನ್ ಮಾಡಿ.

ಅಕಸ್ಮಾತ್ ಯಾರಾದರೂ ವಿಷ ತಗೊಂಡಿದ್ದಾರೆ ಅಂತ ಗೊತ್ತಾದರೆ ಒಂದು ನಿಮಿಷವೂ ತಡಮಾಡದೆ 108ಕ್ಕೆ ಫೋನ್ ಮಾಡಿ. ಉಪ್ಪು ನೀರು ಕುಡಿಸುವುದು, ವಾಂತಿ ಮಾಡಿಸುವುದು ಬೇಡ. ಡಬ್ಬಿ ಸಿಕ್ಕರೆ ಆಸ್ಪತ್ರೆಗೆ ತಗೊಂಡು ಹೋಗಿ. ನೋಡಲು ಚೆನ್ನಾಗಿಯೇ ಇದ್ದಾರೆ ಅಂತ ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಪೊಲೀಸ್ ಕೇಸಾಗುತ್ತದೆ ಅಂತ ಹೆದರಿ ಮುಚ್ಚಿಡುವುದರಿಂದಲೇ ಎಷ್ಟೋ ಜೀವ ಹೋಗಿವೆ. ಮಾನಸಿಕ ಆರೋಗ್ಯ ಕಾಯ್ದೆ 2017 ಜಾರಿಗೆ ಬಂದ ಮೇಲೆ, ಇಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾನೂನು ಭಾವಿಸುತ್ತದೆ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ 309ನೇ ಸೆಕ್ಷನ್ನೇ ಇಲ್ಲ.

ಕೇಳುವುದು ಹೇಗೆ?

"ಸಾಯೋ ಯೋಚನೆ ಬರ್ತಿದೆಯಾ ಅಂತ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಆಗಲ್ವಾ?" ಎಲ್ಲರಿಗೂ ಈ ಭಯ ಇದೆ. ಹಾಗಾಗುವುದಿಲ್ಲ. ಕೇಳಿದ್ದರಿಂದ ಯೋಚನೆ ಹುಟ್ಟಿದ ಉದಾಹರಣೆ ಅಧ್ಯಯನಗಳಲ್ಲಿ ಸಿಕ್ಕಿಲ್ಲ. ಕೇಳಿಸಿಕೊಂಡವರಿಗೆ ಹಗುರ ಆಗುತ್ತದೆ. ಒಬ್ಬರೇ ಹೊತ್ತಿದ್ದ ಗುಟ್ಟನ್ನು ಇನ್ನೊಬ್ಬರೂ ಹಿಡಿದುಕೊಂಡರು ಅನ್ನಿಸುತ್ತದೆ.

ಕೇಳುವಾಗ ಜನ ಸುತ್ತ ಇರಬಾರದು. ಪಕ್ಕ ಕೂತು, ಕೆಲಸ ಮಾಡುತ್ತಾ ಕೇಳಿದರೆ ಗಂಡಸರು ಬಾಯಿ ಬಿಡುತ್ತಾರೆ. ಎದುರು ಕೂರಿಸಿ ವಿಚಾರಣೆ ಮಾಡಿದರೆ "ಏನಿಲ್ಲ" ಅಂತ ಎದ್ದು ಹೋಗುತ್ತಾರೆ. "ಅಣ್ಣಾ, ಇತ್ತೀಚೆಗೆ ನಿನ್ನ ನೋಡಿದ್ರೆ ನನಗೆ ಭಯ ಆಗ್ತಿದೆ. ನಿದ್ದೆ ಬರ್ತಿದೆಯಾ?" ಇಲ್ಲಿಂದ ಶುರು ಮಾಡಬಹುದು. ಆಮೇಲೆ ನೇರವಾಗಿ "ಜೀವ ಕಳ್ಕೊಳ್ಳೋಣ ಅನ್ನಿಸ್ತಿದೆಯಾ?" ಅಂತಲೇ ಕೇಳಿ. "ಅಂಥದ್ದೇನೂ ಯೋಚನೆ ಮಾಡ್ತಿಲ್ಲ ತಾನೆ?" ಅಂತ ಕೇಳಬೇಡಿ. ಹಾಗೆ ಕೇಳಿದರೆ ಇಲ್ಲ ಅನ್ನುವುದು ಬಿಟ್ಟು ಬೇರೆ ಉತ್ತರಕ್ಕೆ ಜಾಗವೇ ಇರುವುದಿಲ್ಲ.

ಹೌದು ಅಂದರೆ? ಸುಮ್ಮನೆ ಕೇಳಿಸಿಕೊಳ್ಳಿ. ಇದು ಹೇಳಿದಷ್ಟು ಸುಲಭ ಅಲ್ಲ, ನಮ್ಮ ಬಾಯಿಗೆ ಬುದ್ಧಿಮಾತು ತಾನಾಗೇ ಬರುತ್ತದೆ. "ಗಂಡಸಾಗಿ ಹೀಗಾ?" "ಧೈರ್ಯ ತಗೋ." "ಹೆಂಡ್ತಿ ಮಕ್ಕಳ ಮುಖ ನೋಡು." ಕೊನೆಯದಂತೂ ಪ್ರೀತಿಯಿಂದಲೇ ಬರುವ ಮಾತು. ಆದರೆ ಹೆಂಡತಿ ಮಕ್ಕಳಿಗೆ ತಾನೇ ಭಾರ ಅಂತ ಆ ಮನುಷ್ಯ ಆಗಲೇ ಅಂದುಕೊಂಡಿರುತ್ತಾನೆ. ಆ ಮಾತು ಗಾಯದ ಮೇಲೇ ಬೀಳುತ್ತದೆ. ನಮ್ಮಮ್ಮ ಆ ಸಂಜೆ ಹೇಳಿದ್ದು ಎರಡೇ ಮಾತು. "ಹೇಳಿದ್ದು ಒಳ್ಳೇದಾಯ್ತು. ಈವತ್ತು ನಮ್ಮನೇಲೇ ಊಟ ಮಾಡಿ ಮಲಕ್ಕೋ."

ಆ ರಾತ್ರಿ ಅವರನ್ನು ಒಬ್ಬರನ್ನೇ ಬಿಡಲಿಲ್ಲ. ಮೊದಲು ಮಾಡಬೇಕಾದ್ದು ಇಷ್ಟೇ: ಜೊತೆಗಿರುವುದು, ಅಪಾಯದ ವಸ್ತು ದೂರ ಮಾಡುವುದು, ಬೆಳಗಾದ ಮೇಲೆ ಡಾಕ್ಟರ್ ಹತ್ತಿರ ಹೋಗುವುದು. ಗುಟ್ಟಾಗಿಡುತ್ತೇನೆ ಅಂತ ಮಾತ್ರ ಭಾಷೆ ಕೊಡಬೇಡಿ. ಇದು ಒಬ್ಬರೇ ಹಿಡಿದುಕೊಳ್ಳುವ ಗುಟ್ಟಲ್ಲ.

ಯಾರಿಗೆ ಫೋನ್ ಮಾಡಬೇಕು, ಎಲ್ಲಿಗೆ ಹೋಗಬೇಕು?

14416. ಇದು ಟೆಲಿ ಮಾನಸ್ ನಂಬರು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ದುಡ್ಡು ಬೇಡ, ಕನ್ನಡದಲ್ಲಿ ಮಾತಾಡಬಹುದು. ಬಾಗೇಪಲ್ಲಿ, ಮುಳಬಾಗಿಲು ಕಡೆ ಮನೆಯಲ್ಲಿ ತೆಲುಗು ಆಡುವವರಿಗೆ ತೆಲುಗಿನಲ್ಲೂ ಸಿಗುತ್ತದೆ. ಮೊದಲು ತರಬೇತಿ ಆದ ಆಪ್ತಸಮಾಲೋಚಕರು ಮಾತಾಡುತ್ತಾರೆ. ಬೇಕಾದರೆ ಮನೋವೈದ್ಯರಿಗೆ ಜೋಡಿಸುತ್ತಾರೆ. ಕಷ್ಟದಲ್ಲಿರುವವರೇ ಮಾಡಬೇಕೆಂದಿಲ್ಲ. "ನಮ್ಮ ಭಾವ ಹೀಗಿದ್ದಾರೆ, ಏನು ಮಾಡಲಿ?" ಅಂತ ನೀವೂ ಕೇಳಬಹುದು. ಇದನ್ನು ಓದುತ್ತಿರುವ ನಿಮಗೇ ಅಂಥ ಯೋಚನೆ ಬರುತ್ತಿದ್ದರೆ, ದಯವಿಟ್ಟು ಈಗಲೇ ಆ ನಂಬರಿಗೆ ಮಾಡಿ. ಮಿಕ್ಕಿದ್ದನ್ನು ಆಮೇಲೆ ಓದಬಹುದು.

ಆಸ್ಪತ್ರೆ ಅಂದರೆ ಬೆಂಗಳೂರಿಗೇ ಹೋಗಬೇಕಾಗಿಲ್ಲ. ಹಳ್ಳಿ ಜನರಿಗೆ ಹತ್ತಿರದಲ್ಲೇ ಮನಸ್ಸಿನ ಚಿಕಿತ್ಸೆ ಕೊಡಬಹುದು ಅನ್ನುವುದನ್ನು ದೇಶಕ್ಕೆ ತೋರಿಸಿಕೊಟ್ಟಿದ್ದು ನಮ್ಮ ರಾಜ್ಯವೇ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದರ ತಂಡ ಈಗ ಜಿಲ್ಲಾ ಆಸ್ಪತ್ರೆಗಳಲ್ಲಿದೆ. ಕೋಲಾರದವರಿಗೆ ಎಸ್‌ಎನ್‌ಆರ್ ಆಸ್ಪತ್ರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೂ ಬರುತ್ತಾರೆ. ಯಾವ ದಿನ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋದರೆ ಅಲೆದಾಟ ತಪ್ಪುತ್ತದೆ. "ಹುಚ್ಚಾಸ್ಪತ್ರೆ" ಅಂತ ಹೆದರುವವರಿಗೆ ಇದು ಇನ್ನೂ ಒಳ್ಳೆಯದು. ಜ್ವರಕ್ಕೆ ಹೋಗುವ ಅದೇ ಗೇಟು, ಅದೇ ಓಪಿಡಿ ಚೀಟಿ.

ಮಾತ್ರೆ ಬಗ್ಗೆ ಒಂದು ವಿಷಯ ಮೊದಲೇ ತಿಳಿದಿರಲಿ. ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆ ಥರ ಅರ್ಧ ಗಂಟೆಗೆ ಕೆಲಸ ಮಾಡುವುದಿಲ್ಲ. ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಜಾಸ್ತಿ ಹಿಡಿಯುತ್ತದೆ. ನಮ್ಮವರು ಹತ್ತು ದಿನ ನುಂಗಿ "ಏನೂ ಆಗಲಿಲ್ಲ" ಅಂತ ಬಿಡುತ್ತಾರೆ. ಅಥವಾ ಎರಡು ತಿಂಗಳಿಗೆ ಚೆನ್ನಾಗಿ ಅನ್ನಿಸಿದ ತಕ್ಷಣ ನಿಲ್ಲಿಸುತ್ತಾರೆ. ಎರಡೂ ತಪ್ಪು, ನಿಲ್ಲಿಸುವುದನ್ನು ಡಾಕ್ಟರ್ ಹೇಳಬೇಕು. ಚಿಕ್ಕಪ್ಪನಿಗೆ ಮೂರನೇ ವಾರ ನಿದ್ದೆ ಬಂತು. "ಆರು ಗಂಟೆವರೆಗೂ ಮಲಗಿಬಿಟ್ಟೆ ಅತ್ತಿಗೆ, ಹಾಲು ಕರೆಯೋದು ಲೇಟಾಯ್ತು" ಅಂತ ತಪ್ಪು ಮಾಡಿದವರ ಹಾಗೆ ಹೇಳಿದ್ದರು. ನಮಗೆಲ್ಲ ಕಣ್ಣಲ್ಲಿ ನೀರು ಬಂದಿತ್ತು.

ಸಾಲದ ಪುಸ್ತಕ

ಮನಸ್ಸಿಗೆ ಮಾತ್ರೆ ಕೊಟ್ಟು ಸಾಲವನ್ನು ಹಾಗೇ ಬಿಟ್ಟರೆ ಆಗುವುದಿಲ್ಲ. ಎರಡೂ ಒಟ್ಟಿಗೆ ನಡೆಯಬೇಕು. ನಿದ್ದೆ ಸರಿ ಹೋದ ಮೇಲೆ ಒಂದು ಭಾನುವಾರ ನಾನು ಇನ್ನೂರು ಪುಟದ ನೋಟ್‌ಬುಕ್ ಹಿಡಿದು ಚಿಕ್ಕಪ್ಪನ ಪಕ್ಕ ಕೂತೆ. ಯಾರಿಗೆ, ಎಷ್ಟು, ಬಡ್ಡಿ ಏನು ಅಂತ ಒಂದೊಂದೇ ಬರೆದೆವು. ಸೊಸೈಟಿ, ಬ್ಯಾಂಕಿನ ಒಡವೆ ಸಾಲ, ಮಂಡಿಯ ಮುಂಗಡ, ಗೊಬ್ಬರದ ಅಂಗಡಿ, ಚಿಕ್ಕಮ್ಮನ ಸಂಘ, ಕೈಸಾಲ ಕೊಟ್ಟ ಇಬ್ಬರು. ಒಟ್ಟು ಏಳು ಕಡೆ. ಕೂಡಿದಾಗ ಅವರು ತಲೆಯಲ್ಲಿ ಇಟ್ಟುಕೊಂಡಿದ್ದ ಮೊತ್ತಕ್ಕಿಂತ ಕಮ್ಮಿಯೇ ಇತ್ತು. ರಾತ್ರಿ ನಿದ್ದೆ ಇಲ್ಲದೆ ಲೆಕ್ಕ ಹಾಕುವಾಗ ಒಂದೇ ಸಾಲವನ್ನು ಎರಡೆರಡು ಸಲ ಕೂಡುತ್ತಿದ್ದರಂತೆ. ಸಾಲ ಆ ದಿನ ಒಂದು ರೂಪಾಯಿಯೂ ತೀರಲಿಲ್ಲ. ಆದರೆ ಅದು ತಲೆಯಿಂದ ಹಾಳೆಗೆ ಇಳಿಯಿತು.

ಆಮೇಲೆ ನಾವು ತಿಳಿದುಕೊಂಡ ಕೆಲವು ವಿಷಯ ಬೇರೆಯವರಿಗೂ ಬೇಕಾಗಬಹುದು. ಸಹಕಾರ ಸಂಘದಲ್ಲಿ ಶೂನ್ಯ ಬಡ್ಡಿಯ ಬೆಳೆ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಬೆಳೆ ವಿಮೆ ಇದ್ದು ಆಲಿಕಲ್ಲು ಮಳೆಯಂಥದ್ದಕ್ಕೆ ಬೆಳೆ ಹೋದರೆ 72 ಗಂಟೆಯೊಳಗೆ ತಿಳಿಸಬೇಕು. ಬ್ಯಾಂಕಿಗೆ ತಪ್ಪಿಸಿಕೊಂಡು ಓಡಾಡುವುದಕ್ಕಿಂತ ಹೋಗಿ ಕಂತು ಮುಂದಕ್ಕೆ ಹಾಕಿಕೊಡಿ ಅಂತ ಬರೆದುಕೊಡುವುದು ಮೇಲು. ಒಬ್ಬರೇ ಹೋಗಬಾರದು, ಜೊತೆಗೆ ಒಬ್ಬರು ಇರಲಿ.

ವಸೂಲಿಗೂ ನಿಯಮ ಇದೆ. ಮೈಕ್ರೊಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡಿ ಕಾಡಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಬೈಯುವುದು, ನೆಂಟರ ಮುಂದೆ ಮಾನ ಕಳೆಯುವುದು ಯಾವ ಹೊತ್ತಿನಲ್ಲೂ ಮಾಡುವಂತಿಲ್ಲ. ರಿಜಿಸ್ಟರ್ ಆಗದ ಬಡ್ಡಿ ವ್ಯಾಪಾರದವರ ಕಿರುಕುಳ ತಡೆಯಲು 2025ರಲ್ಲಿ ಕರ್ನಾಟಕ ಹೊಸ ಕಾನೂನು ತಂದಿದೆ. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಉಚಿತ ಕಾನೂನು ನೆರವಿಗೆ 15100.

ಲೆಕ್ಕಕ್ಕೆ ಬಾರದ ಹೆಂಗಸರು

2022ರ ಆ 5,207 ರೈತರಲ್ಲಿ ಹೆಂಗಸರು 208 ಮಂದಿ ಮಾತ್ರ ಅಂತ ದಾಖಲೆ ಹೇಳುತ್ತದೆ. ನಮ್ಮೂರ ಹೊಲ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಹೆಂಗಸರದೇ. ಪಹಣಿ ಗಂಡನ ಹೆಸರಲ್ಲೋ ಮಾವನ ಹೆಸರಲ್ಲೋ ಇರುತ್ತದೆ. ಹಾಗಾಗಿ ಹೊಲದಲ್ಲಿ ಜೀವ ಸವೆಸಿದವಳು ಕಾಗದದಲ್ಲಿ "ಗೃಹಿಣಿ." ಗುತ್ತಿಗೆಗೆ ಮಾಡುವವರ ಕಥೆಯೂ ಹೀಗೇ. ವಾರದ ಕಂತಿನ ಸಂಘದ ಸಾಲ ಬರುವುದು ಹೆಂಗಸರ ಹೆಸರಿಗೆ. ಒಬ್ಬಳು ಕಟ್ಟದಿದ್ದರೆ ಜೊತೆಯವರೆಲ್ಲ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಗಂಡ ಹೋದ ಮೇಲೆ ಸಾಲ, ಹೊಲ, ಮಕ್ಕಳು, ಜೊತೆಗೆ "ನಿನ್ನಿಂದಲೇ ಹೀಗಾಯ್ತು" ಅನ್ನುವ ಮಾತು, ಎಲ್ಲ ಅವಳ ತಲೆ ಮೇಲೆ. ಸಾವಾದ ಮನೆಗೆ ಹನ್ನೊಂದು ದಿನ ಊರೆಲ್ಲ ಹೋಗುತ್ತೇವೆ. ಹನ್ನೆರಡನೇ ದಿನದಿಂದ ಯಾರು ಹೋಗುತ್ತೇವೆ? ಆ ಹೆಂಗಸಿಗೂ 14416 ಬೇಕು. ಅದಕ್ಕಿಂತ ಮೊದಲು ಅಂಗಳಕ್ಕೆ ಬಂದು ಕೂರುವ ಒಬ್ಬರು ಬೇಕು.

ಇನ್ನೊಂದು ಬೇಡಿಕೆ. ಇಂಥ ಸಾವಿನ ಫೋಟೊ, ವಿಡಿಯೊ ವಾಟ್ಸ್ಆಪ್‌ನಲ್ಲಿ ಹಂಚಬೇಡಿ. ಹೇಗೆ, ಏನು ತಗೊಂಡು ಅಂತ ವಿವರ ಬರೆಯಬೇಡಿ. ಆಗಲೇ ಅಂಚಿನಲ್ಲಿ ನಿಂತವರಿಗೆ ಅದು ತಳ್ಳಿದ ಹಾಗೆ ಆಗುತ್ತದೆ.

ಆಸ್ಪತ್ರೆಯಿಂದ ಬಂದ ಮೇಲೆ

ಗಂಡಾಂತರ ಕಳೆಯಿತು ಅಂತ ನಾವು ನಿಟ್ಟುಸಿರು ಬಿಡುವ ಹೊತ್ತೇ ಇನ್ನೊಂದು ಅಪಾಯದ ಹೊತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳು, ಮೊದಲ ತಿಂಗಳುಗಳು. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ ಸೇರಿದಂತೆ ಐದು ದೇಶಗಳ ಐದು ಊರುಗಳಲ್ಲಿ ಒಂದು ಪ್ರಯೋಗ ಮಾಡಿತ್ತು. 2008ರಲ್ಲಿ ಅದರ ಫಲಿತಾಂಶ ಬಂತು. ಆತ್ಮಹತ್ಯೆಗೆ ಯತ್ನಿಸಿ ಉಳಿದವರ ಜೊತೆ ಆಸ್ಪತ್ರೆಯಲ್ಲಿ ಒಂದು ಗಂಟೆ ಮಾತು. ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನು ಅಥವಾ ಭೇಟಿ, ಹೇಗಿದ್ದೀರಿ ಅಂತ ಕೇಳುವುದಕ್ಕೆ. ಅಷ್ಟಕ್ಕೇ ಆ ಗುಂಪಿನಲ್ಲಿ ಆತ್ಮಹತ್ಯೆಯ ಸಾವು ಬೇರೆ ಗುಂಪಿಗಿಂತ ತೀರಾ ಕಮ್ಮಿ ಆಯಿತು. ಶೇ 2.2 ಇದ್ದ ಕಡೆ ಶೇ 0.2.

ನಮ್ಮಮ್ಮನಿಗೆ ಈ ಪ್ರಯೋಗ ಗೊತ್ತಿಲ್ಲ. ಈಗ ಅವರು ನನ್ನ ಜೊತೆ ಕೋಲಾರದಲ್ಲಿದ್ದಾರೆ. ವಾರಕ್ಕೆರಡು ಸಲ ಸಂಜೆ ಏಳಕ್ಕೆ, ಟೆಂಪೊ ಊರಿಗೆ ವಾಪಸ್ ಹೋಗಿರುವ ಹೊತ್ತು ನೋಡಿ, ಚಿಕ್ಕಪ್ಪನಿಗೆ ಫೋನ್ ಮಾಡುತ್ತಾರೆ. "ಚೀಟಿ ಬಂತಾ?" ಅಂತ ಕೇಳುತ್ತಾರೆ. ಆ ಕಡೆಯಿಂದ ಕಾಗದ ಬಿಡಿಸುವ ಸದ್ದು ಕೇಳುತ್ತದೆ. "ಬಾಕ್ಸಿಗೆ ನೂರಾ ಎಂಬತ್ತು ಅತ್ತಿಗೆ. ಹಾಳಾದ್ ಮಂಡಿಯೋರು."